ಹೆಸರಿನ ಮುಂದೆ ಮೂರಕ್ಷರ ಬಂದ ಮೇಲೆ

ಎ.ಪಿ.ಆರ್., ಅಂದರೆ ಜನಸಂಪರ್ಕ ವೃತ್ತಿಯ ಮಾನ್ಯತೆಯ ಪರೀಕ್ಷೆ, ಪಾಸಾಯಿತಲ್ಲ, ಬಹಳ ಸಂತೋಷ. ಹಗಲೆಲ್ಲ ಆಸ್ಪತ್ರೆಯದೋ ವಿಶ್ವವಿದ್ಯಾಲಯದ್ದೋ ಕೌಂಟಿ ಕಚೇರಿಯದೋ ಸಂಪರ್ಕ ವಿಭಾಗದಲ್ಲಿ ದುಡಿದು, ರಾತ್ರಿ ಮಕ್ಕಳು ಮಲಗಿದ ಮೇಲೆ ಪುಸ್ತಕ ಬಿಚ್ಚಿ ಕೂತು ನಮ್ಮ ಕನ್ನಡದ ಮಕ್ಕಳು ಅಮೆರಿಕದಲ್ಲಿ ಈ ಮಾನ್ಯತೆ ಪಡೆಯುವುದನ್ನು ಕಂಡಾಗ ನನಗೆ ಹೊಟ್ಟೆ ತುಂಬುತ್ತದೆ. ಸಿಹಿ ಮಾಡಿ, ತಿನ್ನಿ, ನಾಲ್ಕು ಜನರಿಗೆ ಹಂಚಿ. ಆ ಸಂಭ್ರಮದ ನಡುವೆ ಒಂದಿಷ್ಟು ಹೊತ್ತು ನನ್ನ ಪಕ್ಕ ಕೂತು ಈ ಮಾತು ಕೇಳಿಸಿಕೊಳ್ಳಿ. ಪಾಸಾದ ಮೊದಲ ಹದಿನೈದು ದಿನದಲ್ಲಿ ನಿಮ್ಮಂಥ ಬುದ್ಧಿವಂತರೇ ಕೆಲವು ವಿಷಯಗಳಲ್ಲಿ ಉದಾಸೀನ ಮಾಡುತ್ತಾರೆ. ಬೇಕೆಂದು ಮಾಡುವುದಿಲ್ಲ, ನನಗೆ ಗೊತ್ತು. ಆದರೂ ಹೇಳಬೇಕಾದ್ದನ್ನು ಹೇಳಲೇಬೇಕು.

ಮೊದಲು ಆ ಲಿಂಕ್ಡ್‌ಇನ್ ಪೋಸ್ಟಿನ ಮಾತು. ಪಾಸಾದ ಸುದ್ದಿ ಬಂದ ಅರ್ಧ ಗಂಟೆಯೊಳಗೆ ಹಾಕಿಬಿಟ್ಟಿರಿ. "ಈ ಸುದ್ದಿ ಹಂಚಿಕೊಳ್ಳಲು ಹರ್ಷವಾಗುತ್ತಿದೆ" ಅಂತ ಶುರು, ಕೊನೆಗೆ ಜೊತೆಯಲ್ಲಿ ನಿಂತ ಎಲ್ಲರಿಗೂ ಧನ್ಯವಾದ, ಅದರ ಕೆಳಗೆ ಸಾಲುಸಾಲು ಟ್ಯಾಗು. ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ನಾಲ್ಕು ಜನಕ್ಕೆ ತಿಳಿಯಲಿ, ಒಳ್ಳೆಯದೇ. ಆದರೆ ಅಲ್ಲಿಗೆ ಋಣ ತೀರಿತು ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದಿರಲ್ಲ, ಅದಕ್ಕೆ ನನ್ನ ತಕರಾರು. ನಲವತ್ತು ಜನರ ಹೆಸರಿನ ನಡುವೆ ತನ್ನ ಹೆಸರು ನೋಡಿದವರಿಗೆ ಒಂದು ಲೈಕ್ ಒತ್ತುವುದು ಬಿಟ್ಟರೆ ಇನ್ನೇನು ಅನ್ನಿಸೀತು? ಆರು ತಿಂಗಳು ನಿಮ್ಮ ಅಭಿಯಾನದ ಪ್ಲಾನ್ ತಿದ್ದಿಕೊಟ್ಟವರೂ ಒಂದು ದಿನ ಪಾರ್ಕಿಂಗ್ ಜಾಗ ತೋರಿಸಿದವರೂ ಆ ಸಾಲಿನಲ್ಲಿ ಒಂದೇ ತೂಕಕ್ಕೆ ಇಳಿದುಬಿಡುತ್ತಾರೆ.

ನಿಮ್ಮ ವೃತ್ತಿಯೇ ಇಲ್ಲಿ ನಿಮ್ಮ ಕಾಲಿಗೆ ತೊಡರುತ್ತದೆ. ದಿನಾ ಪ್ರಕಟಣೆ ಬರೆದು ಬರೆದು ಕೈಗೆ ಅದೇ ಓಟ ಬಂದಿರುತ್ತದೆ; ಮನಸ್ಸಿನ ಮಾತನ್ನೂ ಆ ಅಚ್ಚಿಗೇ ಹೊಯ್ದುಬಿಡುತ್ತೀರಿ. ಪರೀಕ್ಷೆಗೆ ಓದುವಾಗ ಗ್ರೂನಿಗ್ ಮತ್ತು ಹಂಟ್ 1984ರಲ್ಲಿ ಹೇಳಿದ ಜನಸಂಪರ್ಕದ ನಾಲ್ಕು ಮಾದರಿಗಳನ್ನು ಬಾಯಿಪಾಠ ಮಾಡಿದ್ದೀರಿ. ಮೊದಲನೆಯದು ಬರೀ ತಮಟೆ ಬಾರಿಸುವ ಪ್ರಚಾರ. ಎರಡನೆಯದು ಮಾಹಿತಿ ಕೊಟ್ಟು ಕೈತೊಳೆದುಕೊಳ್ಳುವುದು. ಮೂರನೆಯದರಲ್ಲಿ ಎದುರಿನವರ ಮಾತು ಕೇಳುತ್ತೀರಿ, ಆದರೆ ಅವರನ್ನು ನಿಮ್ಮ ದಾರಿಗೆ ತರುವುದಕ್ಕೆ ಮಾತ್ರ. ನಾಲ್ಕನೆಯದರಲ್ಲಿ ಕೇಳಿಸಿಕೊಂಡು ನೀವೂ ಬದಲಾಗುವುದಕ್ಕೆ ತಯಾರಿರುತ್ತೀರಿ. ಉತ್ತರಪತ್ರಿಕೆಯಲ್ಲಿ ನಾಲ್ಕನೆಯದೇ ಮೇಲು ಎಂದು ಗುರುತು ಹಾಕಿ ಬಂದವರು, ಉಪಕಾರ ಮಾಡಿದವರ ಜೊತೆ ಮೊದಲನೆಯದಕ್ಕೇ ಯಾಕೆ ನಿಲ್ಲುತ್ತೀರಿ?

ಈ ಮಾನ್ಯತೆ ನಿಮ್ಮ ಕೈಗೆ ಹೇಗೆ ಬಂತು ಎಂಬುದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಪಬ್ಲಿಕ್ ರಿಲೇಷನ್ಸ್ ಸೊಸೈಟಿ ಆಫ್ ಅಮೆರಿಕ ಹುಟ್ಟಿದ್ದು 1947ರಲ್ಲಿ. ಮಾನ್ಯತೆ ಕೊಡುವ ಕ್ರಮ ಶುರುವಾದದ್ದು 1964ರಲ್ಲಿ. 1998ರಿಂದ ಅದನ್ನು ಹಲವು ಸಂಘಗಳು ಸೇರಿಕೊಂಡ ಯೂನಿವರ್ಸಲ್ ಅಕ್ರೆಡಿಟೇಷನ್ ಬೋರ್ಡ್ ನೋಡಿಕೊಳ್ಳುತ್ತಿದೆ. ಡಾಕ್ಟರಿಗೂ ವಕೀಲರಿಗೂ ಇರುವಂಥ ಸರ್ಕಾರಿ ಪರವಾನಗಿ ಈ ವೃತ್ತಿಗಿಲ್ಲ. ಇರಬೇಕು ಎಂದು ಈ ವೃತ್ತಿಯ ಹಿರಿಯರಾದ ಎಡ್ವರ್ಡ್ ಬರ್ನೇಸ್ ವಾದಿಸುತ್ತಲೇ ಬಂದರು. 103 ವರ್ಷ ಬದುಕಿ 1995ರಲ್ಲಿ ತೀರಿಕೊಂಡರು, ಅದು ಆಗಲಿಲ್ಲ. ಅಂದಮೇಲೆ ಎ.ಪಿ.ಆರ್. ಇಲ್ಲದೆಯೂ ನೀವು ಆರಾಮಾಗಿ ಕೆಲಸ ಮಾಡಿಕೊಂಡು ಇರಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ನಿಮ್ಮ ಇಷ್ಟಕ್ಕೆ ನೀವು ಹಟ ಹಿಡಿದಿರಿ. ಆ ಹಟಕ್ಕೆ ಹತ್ತಾರು ಜನ ತಮ್ಮ ಶನಿವಾರಗಳನ್ನು ಕೊಟ್ಟರು. ಯಾವ ಕಾನೂನೂ ಅವರಿಗೆ ಕೊಡಿ ಎಂದು ಹೇಳಿರಲಿಲ್ಲ.

ಅರ್ಜಿ ಒಪ್ಪಿದ ಮೇಲೆ ಒಂದು ವರ್ಷದೊಳಗೆ ಎಲ್ಲ ಮುಗಿಸಬೇಕು. ಮೊದಲು ಪ್ಯಾನೆಲ್, ಆಮೇಲೆ ಕಂಪ್ಯೂಟರ್ ಪರೀಕ್ಷೆ. ಪ್ಯಾನೆಲ್‌ನಲ್ಲಿ ಎ.ಪಿ.ಆರ್. ಪಡೆದ ಮೂವರು ಕೂತಿರುತ್ತಾರೆ. ನೀವು ಕಳಿಸಿದ ಪ್ರಶ್ನಾವಳಿಯ ಉತ್ತರಗಳನ್ನೂ ಪ್ಲಾನನ್ನೂ ಮುಂಚೆಯೇ ಓದಿಕೊಂಡು ಬಂದಿರುತ್ತಾರೆ. ಅವರಿಗೆ ಸಂಬಳವಿಲ್ಲ, ಭತ್ಯೆಯಿಲ್ಲ. ನಾನೂ ಅಂಥ ಮೇಜಿನ ಆ ಬದಿಯಲ್ಲಿ ಕೂತವಳು, ಹಾಗಾಗಿ ಹೇಳುತ್ತೇನೆ: ಒಬ್ಬರ ಪ್ಲಾನನ್ನು ಸರಿಯಾಗಿ ಓದಿ, ಅಂಚಿನಲ್ಲಿ ಗುರುತು ಹಾಕಿ, ಇವರಿಗೆ ಯಾವ ಪ್ರಶ್ನೆ ಕೇಳಿದರೆ ತಮಗೆ ಗೊತ್ತಿರುವುದನ್ನು ತೋರಿಸಿಯಾರು ಎಂದು ಯೋಚಿಸುವುದಕ್ಕೆ ಒಂದು ಇಡೀ ಸಂಜೆ ಬೇಕು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬಂತೆ ಇವರನ್ನು ಮರೆಯಬೇಡಿ.

ಹಾಗಾದರೆ ಏನು ಮಾಡಬೇಕು? ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಪ್ಯಾನೆಲ್‌ಗೆ ಒಯ್ದ ನಿಮ್ಮ ಪ್ಲಾನನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಸಂಶೋಧನೆ, ಯೋಜನೆ, ಜಾರಿ, ಮೌಲ್ಯಮಾಪನ ಎಂಬ ನಾಲ್ಕು ಹಂತಗಳನ್ನು ಜಪ ಮಾಡಿದ್ದೀರಲ್ಲ, ಪರೀಕ್ಷೆಯ ಮೂರನೇ ಒಂದು ಪಾಲಿನಷ್ಟು ಅದರ ಮೇಲೇ ನಿಂತಿದೆಯಲ್ಲ, ಆ ನಾಲ್ಕನ್ನೂ ಹಾಳೆಯ ಮೇಲೆ ಬರೆಯಿರಿ. ಈಗ ಪ್ರತಿಯೊಂದರ ಎದುರು ಆ ಕೆಲಸದಲ್ಲಿ ಯಾರ ಯಾರ ಕೈ ಇತ್ತು ಎಂದು ಹೆಸರು ಹಿಡಿದು ಬರೆಯಿರಿ. ಹುದ್ದೆಗಳು ಬೇಡ, ವಿಭಾಗಗಳು ಬೇಡ, ಮನುಷ್ಯರ ಹೆಸರು ಬೇಕು.

ಉದಾಹರಣೆಗೆ, ನೀವು ಒಂದು ಆಸ್ಪತ್ರೆಯಲ್ಲಿದ್ದೀರಿ, ಫ್ಲೂ ಲಸಿಕೆಯ ಅಭಿಯಾನ ನಿಮ್ಮ ಪ್ಲಾನ್ ಎಂದಿಟ್ಟುಕೊಳ್ಳಿ. ಸಂಶೋಧನೆಯ ಎದುರು ಸರ್ವೆ ಬರೆದ ನಿಮ್ಮ ಹೆಸರೇ ಮೊದಲು ನೆನಪಾಗುತ್ತದೆ. ಇರಲಿ. ಆ ಸರ್ವೆಯನ್ನು ಸ್ಪ್ಯಾನಿಷ್‌ಗೆ ಮಾಡಿಕೊಟ್ಟ ಇಂಟರ್ಪ್ರಿಟರ್ ಯಾರು? ಊಟದ ಬಿಡುವಿನಲ್ಲಿ ಕೂತು ಮಾಡಿಕೊಟ್ಟರಲ್ಲ? ಚರ್ಚಿನ ನೆಲಮಾಳಿಗೆಯಲ್ಲಿ ಫೋಕಸ್ ಗ್ರೂಪ್ ನಡೆಸಲು ಜಾಗ ಕೊಟ್ಟವರು ಯಾರು? ಜಾರಿಯ ಎದುರು, ಭಾನುವಾರ ಸಂಜೆ ಪೋಸ್ಟರಿನಲ್ಲಿ ದಿನಾಂಕ ತಪ್ಪಿದೆ ಎಂದು ಫೋನ್ ಮಾಡಿ ಎಚ್ಚರಿಸಿದ ಪ್ರಿಂಟರ್ ಯಾರು? ಮೌಲ್ಯಮಾಪನಕ್ಕೆ ಬನ್ನಿ. ಅಭಿಯಾನದಿಂದ ಎಷ್ಟು ಕರೆ ಬಂತು ಎಂಬ ಲೆಕ್ಕವನ್ನು ಪ್ಯಾನೆಲ್ ಮುಂದೆ ಎದೆಯೆತ್ತಿ ಹೇಳಿದಿರಿ. ಆ ಲೆಕ್ಕ ಬಂದದ್ದು ಎಲ್ಲಿಂದ? ಸ್ವಾಗತದ ಮೇಜಿನಲ್ಲಿ ಕೂರುವ ಆ ಹೆಂಗಸು ಫೋನ್ ಬಂದಾಗಲೆಲ್ಲ ಒಂದು ಹಳದಿ ಕಾಗದದ ಮೇಲೆ ಗೀಟು ಎಳೆದಿದ್ದರು. ನಾಲ್ಕು ಗೀಟು, ಐದನೆಯದು ಅಡ್ಡ. ಅವರದೇ ಕೆಲಸ ತಲೆಯ ಮೇಲಿದ್ದಾಗಲೂ ಬಿಡದೆ ಎಳೆದರು. ಆ ಕಾಗದ ಇಲ್ಲದಿದ್ದರೆ ನಿಮ್ಮ ಪ್ಲಾನಿಗೆ ನಾಲ್ಕನೇ ಕಾಲೇ ಇರುತ್ತಿರಲಿಲ್ಲ. ಅವರಿಗೆ ಎ.ಪಿ.ಆರ್. ಎಂದರೇನು ಎಂಬುದೇ ಗೊತ್ತಿಲ್ಲ. ಟ್ಯಾಗಿನ ಪಟ್ಟಿಯಲ್ಲಿ ಅವರ ಹೆಸರೂ ಇರಲಿಲ್ಲ.

ಹಾಳೆ ತುಂಬಿತೇ? ಇನ್ನು ಕಾರ್ಡು ಬರೆಯಿರಿ. ಕೈಬರಹದಲ್ಲಿ, ಅಂಚೆಯಲ್ಲಿ ಹೋಗುವಂಥದ್ದು. ಅಮೆರಿಕದಲ್ಲಿ ಥ್ಯಾಂಕ್ ಯೂ ಕಾರ್ಡಿನ ಪದ್ಧತಿ ಚೆನ್ನಾಗಿದೆ; ನಮ್ಮವರು ಅದನ್ನು ಮಕ್ಕಳ ಹುಟ್ಟುಹಬ್ಬಕ್ಕೆ ಮಾತ್ರ ಇಟ್ಟುಕೊಂಡಿದ್ದಾರೆ. ಒಂದು ಕಾರ್ಡಿಗೆ ನಾಲ್ಕು ಸಾಲು ಸಾಕು. ಅವರು ಮಾಡಿದ್ದೇನು, ಅದರಿಂದ ನಿಮಗಾದದ್ದೇನು, ಈಗ ನೀವು ಎಲ್ಲಿದ್ದೀರಿ. ಇಷ್ಟೇ. "ನಿಮ್ಮ ಅಮೂಲ್ಯ ಬೆಂಬಲಕ್ಕೆ ಹೃತ್ಪೂರ್ವಕ ಧನ್ಯವಾದ" ಎಂಬ ಸಾಲು ಬರೆದಿದ್ದರೆ ಆ ಕಾರ್ಡು ಹರಿದು ಹೊಸದನ್ನು ತೆಗೆದುಕೊಳ್ಳಿ. ಸ್ವಾಗತದ ಮೇಜಿನವರಿಗೆ ಹೀಗೆ ಬರೆಯಿರಿ: "ಅಕ್ಟೋಬರಿನಲ್ಲಿ ಲಸಿಕೆ ಕೇಳಿ ಬಂದ ಪ್ರತಿ ಕರೆಗೂ ನೀವು ಗೀಟು ಹಾಕಿ ಇಟ್ಟಿರಿ. ನನ್ನನ್ನು ಪ್ರಶ್ನೆ ಕೇಳಿದ ಮೂವರೂ ಆ ಲೆಕ್ಕವನ್ನೇ ಹೆಚ್ಚು ಹೊತ್ತು ನೋಡಿದರು. ನಾನು ಪಾಸಾದೆ. ಅದರಲ್ಲಿ ನಿಮ್ಮ ಪಾಲಿದೆ, ನಿಮಗೆ ತಿಳಿಸಬೇಕೆನ್ನಿಸಿತು." ಆ ಕಾರ್ಡನ್ನು ಅವರು ಮೇಜಿನ ಗಾಜಿಗೆ ಅಂಟಿಸಿಕೊಳ್ಳುತ್ತಾರೆ, ನೋಡುತ್ತಿರಿ.

ನಾಳೆ ಬರೆಯೋಣ ಎನ್ನಬೇಡಿ. ನಾಳೆ ಎಂದವನ ಮನೆ ಹಾಳು ಎಂದು ನಮ್ಮ ಹಿರಿಯರು ಸುಮ್ಮನೆ ಅಂದದ್ದಲ್ಲ. ಎರಡು ವಾರ ದಾಟಿದರೆ ಯಾರು ಏನು ಮಾಡಿದರು ಎಂಬ ವಿವರ ನಿಮ್ಮ ತಲೆಯಿಂದಲೇ ಜಾರುತ್ತದೆ. ವಿವರ ಹೋದ ಮೇಲೆ ಉಳಿಯುವುದು ಆ ಹರಿದು ಹಾಕಿ ಎಂದೆನಲ್ಲ, ಅಂಥ ಸಾಲುಗಳು ಮಾತ್ರ. ದಿನಕ್ಕೆ ಮೂರು ಬರೆದರೂ ವಾರದಲ್ಲಿ ಮುಗಿಯುತ್ತದೆ. ಹನಿ ಹನಿ ಕೂಡಿದರೆ ಹಳ್ಳ.

ಪ್ಯಾನೆಲ್‌ನಲ್ಲಿ ಕೂತ ಮೂವರಿಗೆ ಬರೆಯುವಾಗ ಮೂರೂ ಕಾರ್ಡಿನಲ್ಲಿ ಒಂದೇ ಮಾತು ಇಳಿಸಬೇಡಿ. ಅವರು ಪರಸ್ಪರ ಗೊತ್ತಿರುವವರು, ಒಂದೇ ಮೇಜಿನಲ್ಲಿ ಕಾಫಿ ಕುಡಿಯುವವರು. ಅವರ ಯಾವ ಪ್ರಶ್ನೆಯಿಂದ ನಿಮ್ಮ ಯೋಚನೆ ತಿರುಗಿತು ಎಂದು ತಿಳಿಸಿ. "ನಿಮ್ಮ ಗುರಿ ಅಳೆಯುವುದಕ್ಕೆ ಬರುವಂಥದ್ದೇ ಎಂದು ನೀವು ಕೇಳಿದಿರಿ, ಆ ರಾತ್ರಿಯೇ ಕೂತು ಆ ಗುರಿಯನ್ನು ತಿದ್ದಿ ಬರೆದೆ" ಎಂದರೆ ಅವರ ಆ ಸಂಜೆ ಸಾರ್ಥಕ. ಉಡುಗೊರೆ ಮಾತ್ರ ಖಂಡಿತ ಬೇಡ. ರೇಷ್ಮೆ ಶಾಲು, ಗಂಧದ ಗಣಪತಿ ಕೊಡುವ ಆಸೆ ನಿಮಗಾಗುತ್ತದೆ, ನಮ್ಮಲ್ಲಿ ಬರಿಗೈಲಿ ಹೋಗುವ ಪದ್ಧತಿಯಿಲ್ಲ, ಒಪ್ಪುತ್ತೇನೆ. ಆದರೆ ನಿಮ್ಮನ್ನು ತೂಗಿ ನೋಡಿದವರ ಕೈಗೆ ವಸ್ತು ಇಟ್ಟರೆ ಅವರಿಗೇ ಮುಜುಗರ. ಅವರು ಮುಂದೆ ಇನ್ನೊಬ್ಬ ಕನ್ನಡದವರ ಪ್ಯಾನೆಲ್‌ನಲ್ಲಿ ಕೂರಬೇಕು, ಅದನ್ನೂ ಯೋಚಿಸಿ.

ಉಡುಗೊರೆಯ ಮಾತು ಬಂದಾಗ ಇನ್ನೊಂದನ್ನೂ ಸೇರಿಸಿಬಿಡುತ್ತೇನೆ. ನಿಮ್ಮ ಅಭಿಯಾನದ ಸುದ್ದಿ ಬರೆದ ವರದಿಗಾರರಿಗೆ ಕೃತಜ್ಞತೆ ತೋರಿಸುವ ಉಮೇದಿನಲ್ಲಿ ಗಿಫ್ಟ್ ಕಾರ್ಡ್ ಕಳಿಸುವವರಿದ್ದಾರೆ. ಸೊಸೈಟಿಯ ನೀತಿಸಂಹಿತೆ ಓದಿದ್ದೀರಿ. ಸ್ಕೀ ತಯಾರಿಸುವ ಕಂಪನಿಯ ಪರವಾಗಿ ಕೆಲಸ ಮಾಡುವ ಸದಸ್ಯರೊಬ್ಬರು ಕ್ರೀಡಾ ಪತ್ರಿಕೆಯ ಅಂಕಣಕಾರರಿಗೆ ದುಬಾರಿ ಸ್ಕೀ ಜೋಡಿ ಕೊಟ್ಟು ಒಳ್ಳೆಯದು ಬರೆಸಿಕೊಳ್ಳಲು ನೋಡುವುದನ್ನು ಅದು ತಪ್ಪು ನಡತೆಯ ಉದಾಹರಣೆಯಾಗಿ ಹೆಸರಿಸಿ ಹೇಳುತ್ತದೆ. ನಿಮ್ಮ ಮನಸ್ಸಿನಲ್ಲಿ ಕೆಟ್ಟ ಉದ್ದೇಶವಿಲ್ಲದಿರಬಹುದು. ಹೊರಗಿನಿಂದ ನೋಡುವವರಿಗೆ ನಿಮ್ಮ ಮನಸ್ಸು ಕಾಣುವುದಿಲ್ಲ, ಗಿಫ್ಟ್ ಕಾರ್ಡ್ ಕಾಣುತ್ತದೆ. ವರದಿಗಾರರಿಗೆ ನೀವು ಸಲ್ಲಿಸಬಹುದಾದ ಕೃತಜ್ಞತೆ ಒಂದೇ: ಮುಂದಿನ ಸಲ ಅವರು ಕಷ್ಟದ ಪ್ರಶ್ನೆ ಕೇಳಿ ಫೋನ್ ಮಾಡಿದಾಗ ಎತ್ತಿಕೊಳ್ಳಿ, ಗಡುವಿನೊಳಗೆ ನಿಜ ಹೇಳಿ.

ಇನ್ನು ನಿಮ್ಮ ಬಾಸ್. ಶುಲ್ಕವನ್ನು ಕಚೇರಿ ಕಟ್ಟಿದೆ, ಓದಲು ಶುಕ್ರವಾರ ಮಧ್ಯಾಹ್ನಗಳನ್ನು ಬಿಟ್ಟುಕೊಟ್ಟಿದೆ ಎಂದಾದರೆ, ಅದನ್ನು ಬರಹದಲ್ಲಿ ನೆನೆಯಿರಿ. ಅವರ ಮೇಲಿನವರಿಗೂ ಒಂದು ಪ್ರತಿ ಹೋಗಲಿ. ತಮ್ಮ ಕೈಕೆಳಗಿನವರನ್ನು ಬೆಳೆಸಿದವರಿಗೆ ಅದರ ಶ್ರೇಯ ಸಿಗುವುದು ಕಡಿಮೆ. ಅದೇ ಕಾಗದದಲ್ಲಿ ಸಂಬಳದ ವಿಚಾರ ಎತ್ತಬೇಡಿ, ನನ್ನಾಣೆ. ಸಂಬಳ ಕೇಳುವುದು ತಪ್ಪೆಂದಲ್ಲ. ನಿಮ್ಮ ಹಕ್ಕು, ಧೈರ್ಯವಾಗಿ ಕೇಳಿ. ಒಂದು ತಿಂಗಳು ಬಿಟ್ಟು, ಬೇರೆ ಸಮಯ ಗೊತ್ತುಮಾಡಿಕೊಂಡು, ನೀವು ಮಾಡಿದ ಕೆಲಸದ ಲೆಕ್ಕ ಇಟ್ಟುಕೊಂಡು ಕೇಳಿ. ಕೃತಜ್ಞತೆಯ ಬೆನ್ನಿಗೇ ಬೇಡಿಕೆ ಬಂದರೆ ಮೊದಲು ಹೇಳಿದ ಒಳ್ಳೆಯ ಮಾತಿಗೂ ಬೆಲೆ ಹೋಗುತ್ತದೆ.

ಮತ್ತೆ, ನಿಮಗೆ ಕೆಲಸ ಕಲಿಸಿದವರ ಹೆಸರಿನ ಮುಂದೆ ಈ ಮೂರಕ್ಷರ ಇಲ್ಲದಿರಬಹುದು. ಮೂವತ್ತು ವರ್ಷ ಬಿಕ್ಕಟ್ಟುಗಳನ್ನು ಎದುರಿಸಿ, ನಡುರಾತ್ರಿ ಎದ್ದು ಪತ್ರಕರ್ತರಿಗೆ ಉತ್ತರ ಕೊಟ್ಟು, ಒಂದು ದಿನವೂ ಪರೀಕ್ಷೆಯ ಗೊಡವೆಗೆ ಹೋಗದ ಹಿರಿಯರು ಈ ವೃತ್ತಿಯಲ್ಲಿ ಬಹಳ ಜನ ಇದ್ದಾರೆ. ಅವರೆದುರು ಮೀಟಿಂಗಿನಲ್ಲಿ "ಎ.ಪಿ.ಆರ್. ಪ್ರಕಾರ ಇದು ಹೀಗಲ್ಲ" ಎಂದು ಬಾಯಿ ಹಾಕುವ ಹೊಸಬರನ್ನು ಕಂಡಿದ್ದೇನೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನೀವು ಹಾಗೆ ಮಾಡುವವರಲ್ಲ, ಆದರೂ ನಾಲಿಗೆ ಜಾರುವ ದಿನ ಇರುತ್ತದೆ. ಆ ಹಿರಿಯರ ಹತ್ತಿರ ಹೋಗಿ, "ಬಿಕ್ಕಟ್ಟು ನಿರ್ವಹಣೆಯ ಅಧ್ಯಾಯ ಓದುವಾಗ ನನಗೆ ಪುಸ್ತಕಕ್ಕಿಂತ ಮೊದಲು ನೀವು ಆ ದಿನ ನಿಂತ ರೀತಿ ನೆನಪಾಯಿತು" ಎಂದು ಹೇಳಿ ನೋಡಿ. ಹೇಳುವುದಕ್ಕೆ ನಿಜವಾಗಿ ಇದ್ದರೆ ಮಾತ್ರ ಹೇಳಿ. ಇಲ್ಲದ್ದನ್ನು ಹೊಗಳಬೇಡಿ.

ಈಗ ನನಗೆ ಎಲ್ಲಕ್ಕಿಂತ ಮನಸ್ಸಿಗೆ ಹತ್ತಿರವಾದ ಮಾತು. ನಿಮ್ಮ ಓದಿನ ಗುಂಪಿನಲ್ಲಿ ಐದಾರು ಜನ ಇದ್ದಿರಿ. ಎಲ್ಲರೂ ಪಾಸಾಗಿಲ್ಲ. ಒಬ್ಬರಿಗೆ ಪ್ಯಾನೆಲ್ ಇನ್ನೂ ತಯಾರಿ ಬೇಕು ಎಂದಿದೆ, ಇನ್ನೊಬ್ಬರು ಕಂಪ್ಯೂಟರ್ ಪರೀಕ್ಷೆಯಲ್ಲಿ ಕೆಲವೇ ಅಂಕಗಳಿಂದ ಉಳಿದಿದ್ದಾರೆ. ನಿಮ್ಮ ಪೋಸ್ಟಿನಲ್ಲಿ ಅವರ ಹೆಸರೂ ಟ್ಯಾಗಾಗಿದೆ. ಯೋಚಿಸಿ ನೋಡಿ, ಅವರ ಪರಿಚಯದವರೆಲ್ಲ ಆ ಪೋಸ್ಟು ನೋಡಿ "ನಿಮ್ಮದು ಏನಾಯ್ತು?" ಎಂದು ಕೇಳತೊಡಗಿದ್ದಾರೆ. ನೀವು ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಅವರಿಗೆ ಮುಳ್ಳಾಯಿತು. ಆ ಟ್ಯಾಗನ್ನು ಇವತ್ತೇ ತೆಗೆಯಿರಿ. ತೆಗೆದು, ಫೋನ್ ಮಾಡಿ.

ಫೋನಿನಲ್ಲಿ "ಮುಂದಿನ ಸಲ ಆಗೇ ಆಗುತ್ತೆ ಬಿಡಿ" ಎಂದು ಶುರುಮಾಡಬೇಡಿ. ಆಗುತ್ತದೋ ಇಲ್ಲವೋ ನಿಮಗೇನು ಗೊತ್ತು? ಅವರಿಂದ ನಿಮಗಾದ ಉಪಕಾರವನ್ನು ಮೊದಲು ಹೇಳಿ. ಸಂವಹನ ಸಿದ್ಧಾಂತಗಳನ್ನು ನಿಮಗೆ ಅರ್ಥ ಮಾಡಿಸಿದವರು ಅವರೇ ಅಲ್ಲವೇ? ಗುಂಪಿನಲ್ಲಿ ಚೆನ್ನಾಗಿ ಕಲಿಸುವವರೇ ಎಷ್ಟೋ ಸಲ ಪರೀಕ್ಷೆಯ ದಿನ ತಡವರಿಸುತ್ತಾರೆ, ಇದು ನಾನು ಮತ್ತೆ ಮತ್ತೆ ಕಂಡದ್ದು. ಆಮೇಲೆ ಕೇಳಿ: ಮತ್ತೆ ಕೂರುವ ಯೋಚನೆ ಇದೆಯೇ, ಇದ್ದರೆ ಯಾವ ಸಂಜೆ ಬರಲಿ? ಬರುತ್ತೇನೆ ಎಂದಮೇಲೆ ಹೋಗಿ. ಹತ್ತಿದ ಏಣಿಯನ್ನು ಒದೆಯಬಾರದು ಎಂದು ಎಲ್ಲರಿಗೂ ಗೊತ್ತು. ಕೆಳಗೆ ನಿಂತು ಏಣಿ ಹಿಡಿದವರು ಇನ್ನೂ ಅಲ್ಲೇ ಇದ್ದಾರೆ ಎಂಬುದು ಮೇಲೆ ಹೋದವರಿಗೆ ಬೇಗ ಮರೆತುಹೋಗುತ್ತದೆ. ಬೇಡ, ನನಗೆ ಈಗ ಓದುವ ಮನಸ್ಸಿಲ್ಲ ಎಂದು ಅವರು ಹೇಳಿದರೆ ಒತ್ತಾಯ ಮಾಡಬೇಡಿ. ಬೇರೆ ಮಾತಾಡಿ, ಊಟಕ್ಕೆ ಕರೆಯಿರಿ.

ಒಂದು ಎಚ್ಚರಿಕೆ. ಸಹಾಯ ಮಾಡುವ ಉತ್ಸಾಹದಲ್ಲಿ "ನನಗೆ ಈ ಪ್ರಶ್ನೆ ಬಂದಿತ್ತು, ಆ ಪ್ರಶ್ನೆ ಬಂದಿತ್ತು" ಎಂದು ಹೇಳಿಕೊಡುವುದು ಬೇಡವೇ ಬೇಡ. ಪರೀಕ್ಷೆಯೊಳಗಿನದನ್ನು ಹೊರಗೆ ಹೇಳುವುದಿಲ್ಲ ಎಂದು ಒಪ್ಪಿಕೊಂಡೇ ಕೂತಿದ್ದೀರಿ. ಉಂಡ ಮನೆಗೆ ಎರಡು ಬಗೆಯಬಾರದು. ಹೇಗೆ ಓದಿದಿರಿ, ಯಾವ ಅಧ್ಯಾಯಕ್ಕೆ ಹೆಚ್ಚು ಸಮಯ ಕೊಟ್ಟಿರಿ, ಎಲ್ಲಿ ಗೊಂದಲವಾಯಿತು ಎಂಬುದನ್ನು ಧಾರಾಳವಾಗಿ ಹೇಳಿ, ಅಷ್ಟರಲ್ಲೇ ಬೇಕಾದಷ್ಟಿದೆ. ಹಾಗೆಯೇ ನಿಮ್ಮ ಪ್ಲಾನನ್ನು ಮಾದರಿಗೆಂದು ಎಲ್ಲರಿಗೂ ಕಳಿಸಬೇಡಿ. ಅದರಲ್ಲಿ ನಿಮ್ಮ ಕಚೇರಿಯ ಬಜೆಟ್ ಇದೆ, ಗ್ರಾಹಕರ ಒಳಗಿನ ಮಾತಿದೆ. ಕೊಡಲೇಬೇಕೆಂದಿದ್ದರೆ ಕಚೇರಿಯ ಒಪ್ಪಿಗೆ ಪಡೆದು, ಹೆಸರು ಅಂಕಿ ತೆಗೆದು ಕೊಡಿ. ಗುಟ್ಟು ಕಾಪಾಡುತ್ತಾರೆ ಎಂದು ನಂಬಿ ನಿಮಗೆ ಅಂಕಿಅಂಶ ಕೊಟ್ಟವರಿಗೆ ನೀವು ತೋರುವ ಕೃತಜ್ಞತೆ ಅದು.

ಮನೆಯವರ ವಿಚಾರಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಅಮ್ಮನಿಗೆ, ಅತ್ತೆಗೆ, ಗಂಡನಿಗೆ, ಹೆಂಡತಿಗೆ ಥ್ಯಾಂಕ್ಸ್ ಹೇಳುವ ರೂಢಿಯಿಲ್ಲ. ಹೇಳಿದರೆ "ಇದೇನು ಹೊರಗಿನವರ ಹಾಗೆ" ಎಂದು ಬೇಜಾರಾಗುತ್ತಾರೆ. ಹೇಳಬೇಡಿ, ಸರಿ. ಆದರೆ ಏನು ನಡೆಯಿತು ಎಂಬುದನ್ನು ಅವರಿಗೆ ಬಿಡಿಸಿ ಹೇಳಿದ್ದೀರಾ? ಊರಿನಿಂದ ಬಂದ ಅತ್ತೆ ಆರು ತಿಂಗಳು, ಹೊರಗೆ ಹಿಮ, ನಡೆದು ಹೋಗೋಣವೆಂದರೆ ಜಾಗವಿಲ್ಲ, ಮಾತಾಡೋಣವೆಂದರೆ ಕನ್ನಡದವರಿಲ್ಲ, ಅಂಥ ಮನೆಯಲ್ಲಿ ಮಗುವನ್ನು ನೋಡಿಕೊಂಡಿದ್ದಾರೆ. ಸೊಸೆ ಕೋಣೆಯ ಬಾಗಿಲು ಹಾಕಿಕೊಂಡು ಏನೋ ಓದುತ್ತಾಳೆ ಎಂಬುದಷ್ಟೇ ಅವರಿಗೆ ಗೊತ್ತು. ಅವರ ಪಕ್ಕ ಕೂತು ಪ್ರಮಾಣಪತ್ರವನ್ನು ಕೈಗೆ ಕೊಡಿ. ನಿಮ್ಮ ಕೆಲಸವೇನು, ಒಂದು ಆಸ್ಪತ್ರೆ ಜನರ ಜೊತೆ ಸರಿಯಾಗಿ ಮಾತಾಡಬೇಕಾದರೆ ಏನೇನು ಮಾಡಬೇಕಾಗುತ್ತದೆ, ಆ ಮೂವರು ನಿಮ್ಮನ್ನು ಏನು ಕೇಳಿದರು ಎಂದು ಕನ್ನಡದಲ್ಲಿ, ಇಂಗ್ಲಿಷ್ ಬೆರಕೆ ಕಡಿಮೆ ಮಾಡಿ, ವಿವರಿಸಿ. ಅವರು ಕೇಳುವ ಪ್ರಶ್ನೆಗಳಿಗೆ ಅವಸರ ಮಾಡದೆ ಉತ್ತರಿಸಿ. ಊರಿಗೆ ಫೋನ್ ಮಾಡಿದಾಗ ಅವರೇ ಆ ವಿವರವನ್ನು ನಿಮಗಿಂತ ಚೆನ್ನಾಗಿ ನಾಲ್ಕು ಮನೆಗೆ ಹೇಳುತ್ತಾರೆ. ಗಂಡನಾದವರಿಗೂ ಇದೇ ಮಾತು: ಹೆಂಡತಿ ಓದುವಾಗ ನೀವು ಅಡುಗೆ ಮಾಡಿದ್ದಾದರೆ ಪರೀಕ್ಷೆ ಮುಗಿದ ಮರುದಿನವೇ ಸೌಟು ಕೆಳಗಿಡಬೇಡಿ. ಓದಿದವರು ಗಂಡನಾದರೆ, ಇಷ್ಟು ದಿನ ಹೆಂಡತಿ ಬಿಟ್ಟುಕೊಟ್ಟ ಶನಿವಾರಗಳನ್ನು ಲೆಕ್ಕ ಹಾಕಿ ಹಿಂದಿರುಗಿಸಿ.

ಊರಿನ ಕಡೆಯ ಗುರುಗಳನ್ನು ಬಿಡಬೇಡಿ. ನಿಮ್ಮಲ್ಲಿ ಕೆಲವರು ಮೊದಲ ಪ್ರಕಟಣೆ ಬರೆದದ್ದು ಮಾನಸಗಂಗೋತ್ರಿಯಲ್ಲೋ ಬೆಂಗಳೂರಿನ ಯಾವುದೋ ಕಾಲೇಜಿನಲ್ಲೋ. ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿಬಂದ ಪ್ರೊ. ನಾಡಿಗ ಕೃಷ್ಣಮೂರ್ತಿಯವರು 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪಾಠ ಶುರುಮಾಡಿದರು. ಅಮೆರಿಕದಲ್ಲಿ ಕಲಿತದ್ದನ್ನು ಅವರು ಮೈಸೂರಿನ ಮಕ್ಕಳಿಗೆ ತಂದು ಬಡಿಸಿದರು. ಅಲ್ಲಿಂದ ಹೊರಟ ಪಾಠ ಸುತ್ತಿ ಬಂದು ನಿಮ್ಮನ್ನು ಮತ್ತೆ ಅಮೆರಿಕದಲ್ಲಿ ಕೂರಿಸಿದೆ. ಭಾರತದಲ್ಲೂ ಈ ವೃತ್ತಿಗೆ ಹಿರಿಯರಿದ್ದಾರೆ. ಪಬ್ಲಿಕ್ ರಿಲೇಷನ್ಸ್ ಸೊಸೈಟಿ ಆಫ್ ಇಂಡಿಯಾ 1958ರಿಂದ ಇದೆ, 1968ರಲ್ಲಿ ದೆಹಲಿಯಲ್ಲಿ ನಡೆದ ಸಮ್ಮೇಳನದಲ್ಲಿ ನೀತಿಸಂಹಿತೆಯನ್ನು ಒಪ್ಪಿಕೊಂಡಿತು, ಆ ನೆನಪಿಗೆ ಏಪ್ರಿಲ್ 21ನ್ನು ಜನಸಂಪರ್ಕ ದಿನವಾಗಿ ಆಚರಿಸುತ್ತಾರೆ. ನಿಮ್ಮ ಮೇಷ್ಟರಿಗೆ ಫೋನ್ ಮಾಡಲು ಒಂದು ದಿನ ಬೇಕೆಂದರೆ ಅದೇ ಸಾಕು, ಆದರೆ ಅಲ್ಲಿಯವರೆಗೆ ಕಾಯಬೇಡಿ. ವಾಟ್ಸ್ಆ್ಯಪ್‌ನಲ್ಲಿ ಪ್ರಮಾಣಪತ್ರದ ಫೋಟೋ ಕಳಿಸಿ ಕೈಮುಗಿಯುವ ಚಿತ್ರ ಹಾಕಿದರೆ ಆಗದು. ಅವರಿಗೆ ವಯಸ್ಸಾಗಿದೆ, ಧ್ವನಿ ಕೇಳಬೇಕು. ಅಲ್ಲಿ ಎಷ್ಟು ಗಂಟೆ ಎಂದು ನೋಡಿಕೊಂಡು ಮಾಡಿ. ನಿಮಗೆ ಬಿಡುವಾದ ಹೊತ್ತು ಅವರಿಗೆ ನಡುರಾತ್ರಿಯಾಗಿರಬಹುದು.

ಇಷ್ಟೆಲ್ಲ ಮಾಡಿದಿರಿ ಎಂದಿಟ್ಟುಕೊಳ್ಳಿ. ಹೇಳಿ ತೀರಿಸಬಹುದಾದ ಋಣ ಅಲ್ಲಿಗೆ ತೀರಿತು. ಮಾಡಿ ತೀರಿಸಬೇಕಾದದ್ದು ಬಾಕಿ. ಬೆಟ್ಸಿ ಪ್ಲ್ಯಾಂಕ್ ಅವರ ಹೆಸರು ಕೇಳಿದ್ದೀರಿ. ಅಲಬಾಮದ ಟಸ್ಕಲೂಸದಲ್ಲಿ ಹುಟ್ಟಿ, ಗಂಡಸರೇ ತುಂಬಿದ್ದ ಕಾಲದಲ್ಲಿ ಈ ವೃತ್ತಿಗೆ ಬಂದು, 1973ರಲ್ಲಿ ಅಮೆರಿಕದ ಸೊಸೈಟಿಯ ಮೊದಲ ಮಹಿಳಾ ಅಧ್ಯಕ್ಷೆಯಾದರು. ಅಷ್ಟಾದ ಮೇಲೆ ಸನ್ಮಾನ ಮಾಡಿಸಿಕೊಂಡು ಕೂರಬಹುದಿತ್ತು. ಅವರು ವಿದ್ಯಾರ್ಥಿಗಳ ಸೊಸೈಟಿಯ ಹಿಂದೆ ಬಿದ್ದರು. 2010ರಲ್ಲಿ ತೀರಿಕೊಳ್ಳುವವರೆಗೂ ಹೊಸಬರನ್ನು ಕೈಹಿಡಿದು ಮೇಲೆತ್ತುವುದೇ ಅವರ ಕೆಲಸವಾಗಿತ್ತು. ಅಲಬಾಮ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಕೇಂದ್ರ ಈಗಲೂ ಆ ಕೆಲಸವನ್ನೇ ಮುಂದುವರಿಸಿದೆ. ಅಷ್ಟು ದೊಡ್ಡದು ನಿಮ್ಮಿಂದಾಗಬೇಕೆಂದು ಯಾರೂ ಕೇಳುವುದಿಲ್ಲ. ನಿಮ್ಮ ಊರಿನ ಕಾಲೇಜಿನಲ್ಲಿ ವರ್ಷಕ್ಕೆರಡು ಸಲ ಮಕ್ಕಳ ರೆಸ್ಯೂಮೆ ಓದಿ ತಿದ್ದಿಕೊಡಲು ನಿಮಗೆ ಆಗುತ್ತದೆ. ನಿಮ್ಮ ಕನ್ನಡ ಸಂಘದ ಪತ್ರಿಕೆ ತರುವ ಹುಡುಗರಿಗೆ ಪ್ರಕಟಣೆ ಬರೆಯುವುದು ಹೇಗೆಂದು ಒಂದು ಭಾನುವಾರ ಹೇಳಿಕೊಡಲು ಆಗುತ್ತದೆ. ದಯವಿಟ್ಟು "ಟೈಮಿಲ್ಲ" ಎನ್ನಬೇಡಿ. ನಿಮಗಾಗಿ ಕೂತವರಿಗೂ ಟೈಮಿರಲಿಲ್ಲ.

ಮಾನ್ಯತೆಯನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದು ನೆನಪಿರಲಿ. ಕಲಿತದ್ದನ್ನೂ ವೃತ್ತಿಗೆ ಸಲ್ಲಿಸಿದ ಸೇವೆಯನ್ನೂ ಅಲ್ಲಿ ತೋರಿಸಬೇಕಾಗುತ್ತದೆ. ಮೂರನೇ ವರ್ಷದ ಕೊನೆಯಲ್ಲಿ ಯಾವ ವೆಬಿನಾರಿಗೆ ಹೋಗಿದ್ದೆ, ಯಾರಿಗೆ ಪಾಠ ಹೇಳಿದ್ದೆ ಎಂದು ಇಮೇಲ್ ಕೆದಕುತ್ತಾ ಕೂರಬೇಡಿ. ಇವತ್ತಿನಿಂದಲೇ ಒಂದು ಕಡೆ ಬರೆದಿಡಿ. ಬಹಳ ಜನ ಅರ್ಜಿಯ ಖಾನೆ ತುಂಬಲಿ ಎಂದು ಮಾತ್ರ ಸೇವೆ ಮಾಡುತ್ತಾರೆ. ಖಾನೆ ತುಂಬಿದ ಮೇಲೂ ಮಾಡುತ್ತಿರುವವರು ಯಾರೆಂದು ಸೊಸೈಟಿಯ ಸ್ಥಳೀಯ ಶಾಖೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಒಂದು ದಿನ ಆ ಶಾಖೆಯಿಂದ ನಿಮಗೊಂದು ಫೋನ್ ಬರುತ್ತದೆ. ಮುಂದಿನ ಗುರುವಾರ ಪ್ಯಾನೆಲ್ ಇದೆ, ಮೂರನೆಯವರು ಬೇಕು, ನೀವು ಬರುತ್ತೀರಾ ಎಂದು ಕೇಳುತ್ತಾರೆ. ನಾನಿನ್ನೂ ಹೊಸಬ, ನನಗೇನು ಗೊತ್ತು ಎಂದು ಹಿಂಜರಿಯಬೇಡಿ. ಪರೀಕ್ಷೆ ನಿಮ್ಮ ನೆನಪಿನಲ್ಲಿ ಹಸಿಯಾಗಿರುವುದೇ ಅಲ್ಲಿ ಬೇಕಾದದ್ದು. ಒಪ್ಪಿಕೊಳ್ಳಿ. ಪರೀಕ್ಷೆಗೆ ಕೂರುವವರ ಪ್ಲಾನನ್ನು ಹಿಂದಿನ ರಾತ್ರಿ ಮೊದಲ ಪುಟದಿಂದ ಕೊನೆಯವರೆಗೆ, ಪೆನ್ಸಿಲ್ ಹಿಡಿದು ಓದಿ. ಬೆಳಿಗ್ಗೆ ಕಾರಿನಲ್ಲಿ ಕೂತು ಫೋನಿನಲ್ಲಿ ತಿರುವಿಹಾಕಬೇಡಿ. ಹತ್ತು ನಿಮಿಷ ಮುಂಚೆ ತಲುಪಿ, ಅವರ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿತುಕೊಳ್ಳಿ. ನಿಮ್ಮ ಹೆಸರನ್ನು ಎಷ್ಟು ಜನ ಕೆಡಿಸಿದ್ದಾರೆ ಎಂಬುದು ನಿಮಗೇ ಗೊತ್ತು. ಮೊದಲ ಪ್ರಶ್ನೆ ಸುಲಭದ್ದಿರಲಿ. ಎದುರಿಗಿರುವವರ ಕೈನಡುಕ ನಿಂತ ಮೇಲೆ ಕಷ್ಟದ್ದನ್ನು ಕೇಳಿ, ಅವರು ಉತ್ತರ ಹುಡುಕುತ್ತಿರುವಾಗ ಗಡಿಯಾರ ನೋಡಬೇಡಿ.